ಗ್ರಾಮಸಭೆ: ಅಹವಾಲಿನಿಂದ ಹಕ್ಕಿನವರೆಗೆ

ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯ ಯಾವುದೇ ಹಳ್ಳಿಯ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ನೀವು ಆಗಲೇ ಒಂದು ಸಭೆಯ ಸದಸ್ಯರು. ಅದಕ್ಕಾಗಿ ಚುನಾವಣೆಗೆ ನಿಲ್ಲಬೇಕಾಗಿಲ್ಲ, ಯಾರ ಶಿಫಾರಸೂ ಬೇಕಿಲ್ಲ. ಅದೇ ಗ್ರಾಮಸಭೆ. ಪಂಚಾಯತಿ ಸದಸ್ಯರು ಕಚೇರಿಯಲ್ಲಿ ಸೇರುವ ಸಭೆಯನ್ನೇ ಗ್ರಾಮಸಭೆ ಎಂದು ಓದಿದವರೂ ತಿಳಿದಿರುವುದುಂಟು. ಅಲ್ಲಿ ಕೂರುವವರು ನಮ್ಮ ಪ್ರತಿನಿಧಿಗಳು. ಗ್ರಾಮಸಭೆಯಲ್ಲಿ ಕೂರಬೇಕಾದವರು ನಾವೇ. ಈ ಹಕ್ಕು ನಮಗೆ ಹೇಗೆ ಬಂತು?

1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಆರಂಭವಾದಾಗ ನಮ್ಮ ಮಂಡ್ಯ ಮೈಸೂರು ಜಿಲ್ಲೆಗೆ ಸೇರಿತ್ತು. (ಅದು ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ.) ದಸರಾ ಸಮಯದಲ್ಲಿ ತಾಲ್ಲೂಕುಗಳ ರೈತರು, ವರ್ತಕರು ಮೈಸೂರಿಗೆ ಹೋಗಿ ಅಹವಾಲು ಹೇಳಿಕೊಳ್ಳುತ್ತಿದ್ದರು. ಸರ್ಕಾರ ಕೇಳುತ್ತಿತ್ತು, ತೀರ್ಮಾನ ಮಾತ್ರ ಅದರದೇ. ಊರೊಳಗೆ ಪಟೇಲರು, ಶಾನುಭೋಗರು ವಂಶಪಾರಂಪರ್ಯವಾಗಿ ಮುಂದುವರಿದರು. ಆ ಪದ್ಧತಿ ರದ್ದಾದದ್ದು 1963ರಲ್ಲಿ. 1950ರ ದಶಕದಲ್ಲಿ ಮಂಡ್ಯ ಭಾಗದ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದ ಸ್ಕಾರ್ಲೆಟ್ ಎಪ್‌ಸ್ಟೈನ್, ‘ವಂಗಲ’ ಎಂದು ಹೆಸರು ಬದಲಿಸಿ ಬರೆದ ಊರಿನಲ್ಲಿ ಮನೆತನದ ಹಿರಿಯರ ಪಂಚಾಯಿತಿಯೇ ಪ್ರಬಲವಾಗಿದ್ದುದನ್ನು ಕಂಡರು. ಹೆಣ್ಣುಮಕ್ಕಳಿಗೂ ದಲಿತರಿಗೂ ಅಂಥ ಕಡೆ ಮಾತು ಎಲ್ಲಿಯದು?

ಚಿತ್ರ ಬದಲಾಗತೊಡಗಿದ್ದು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರಿಂದ. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅವರು ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊಡಿಸಿದ್ದರಿಂದ ಜನ ಅವರನ್ನು ಪ್ರೀತಿಯಿಂದ ‘ನೀರ್ ಸಾಬ್’ ಎಂದರು. ಆದರೆ ಅವರ ದೊಡ್ಡ ಕೆಲಸ 1983ರ ಪಂಚಾಯತಿ ಕಾಯಿದೆ ಎಂದೇ ನನ್ನ ಅಭಿಪ್ರಾಯ. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನ ಮೀಸಲಾಯಿತು. ಊರಿನ ಮತದಾರರೆಲ್ಲ ಸೇರುವ ಗ್ರಾಮಸಭೆಗೂ ಅದರಲ್ಲಿ ಜಾಗವಿತ್ತು. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಜನರ ಪ್ರಶ್ನೆಗಳಿಗೆ ಅಂಜಿ ಮಂಡಲ ಪಂಚಾಯತಿಗಳು ಗ್ರಾಮಸಭೆ ಕರೆಯದೆ ಜಾರಿಕೊಂಡದ್ದೂ ಉಂಟು.

ಮುಂದೆ ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು ಗ್ರಾಮಸಭೆಗೆ ಸಂವಿಧಾನದ ಮಾನ್ಯತೆ ಕೊಟ್ಟಿತು. ಆದರೆ 243ಎ ವಿಧಿ ಅದರ ಅಧಿಕಾರವೆಷ್ಟು ಎಂಬುದನ್ನು ರಾಜ್ಯಗಳಿಗೇ ಬಿಟ್ಟಿತು. ಅದೇ ವರ್ಷದ ಕರ್ನಾಟಕದ ಕಾಯಿದೆ ವರ್ಷಕ್ಕೆ ಕನಿಷ್ಠ ಎರಡು ಗ್ರಾಮಸಭೆ ಕಡ್ಡಾಯ ಮಾಡಿತು.

ಕೆಲಸ ನಡೆಯುವ ಬಗೆ ಇದು. ಮೊದಲು ವಾರ್ಡ್ ಸಭೆ. ಅಲ್ಲಿ ಬೀದಿ ದೀಪ, ಚರಂಡಿ, ನೀರು, ಮನೆ ಇಲ್ಲದವರ ಹೆಸರು. ಆ ಬೇಡಿಕೆಗಳು ಗ್ರಾಮಸಭೆಗೆ ಬರುತ್ತವೆ. ಪಂಚಾಯತಿ ಅಧ್ಯಕ್ಷರು ಅಲ್ಲಿ ಅಧ್ಯಕ್ಷತೆ ವಹಿಸುತ್ತಾರೆ, ಲೆಕ್ಕಪತ್ರ ಮಂಡನೆಯಾಗುತ್ತದೆ, ವಸತಿ ಯೋಜನೆಯಂಥವುಗಳ ಫಲಾನುಭವಿಗಳ ಆಯ್ಕೆ ನಡೆಯುತ್ತದೆ. 2005ರ ಉದ್ಯೋಗ ಖಾತರಿ ಕಾಯಿದೆ ಕಾಮಗಾರಿಗಳ ಸಾಮಾಜಿಕ ಲೆಕ್ಕಪರಿಶೋಧನೆಯನ್ನೂ ಗ್ರಾಮಸಭೆಗೇ ವಹಿಸಿತು. ಸೂರಿಲ್ಲದ ವಿಧವೆಯೊಬ್ಬರ ಹೆಸರು ಪಟ್ಟಿಯಲ್ಲಿ ಸೇರುವುದು ಅಥವಾ ಬಿಟ್ಟುಹೋಗುವುದು ಇಲ್ಲಿಯೇ. ಆ ದಿನ ಅವರು ಕೂಲಿಗೆ ಹೋಗಿದ್ದರೆ ಅವರ ಪರವಾಗಿ ಎದ್ದುನಿಲ್ಲುವವರು ಬೇಕು.

ಸಾಕಷ್ಟು ಜನ ಸೇರದಿದ್ದರೂ ಆಮೇಲೆ ಮನೆಮನೆಗೆ ಪುಸ್ತಕ ಒಯ್ದು ಸಹಿ ಹಾಕಿಸುತ್ತಾರೆಂಬ ದೂರು ಅನೇಕ ಕಡೆ ಕೇಳಿಬರುತ್ತದೆ. ಅಂಥ ಸಹಿ ಹಾಕಬೇಡಿ. ಸಭೆಗೇ ಹೋಗಿ, ನಿರ್ಣಯವನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಅಲ್ಲಿಯೇ ಓದಿಸಿ ಕೇಳಿ. ನಕಲು ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಬಹುದು.

ಮತದಾನದ ವಯಸ್ಸು ಬಾರದ ವಿದ್ಯಾರ್ಥಿಗಳೇ, ನಿಮಗಾಗಿ ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆಗಳೂ ನಡೆಯುತ್ತವೆ. ಶಾಲೆಯ ಶೌಚಾಲಯ, ಕಾಂಪೌಂಡು, ಬೆಳಗಿನ ಬಸ್ಸು, ಯಾವುದನ್ನೂ ಅಲ್ಲಿ ಕೇಳಬಹುದು. ಕಳೆದ ವರ್ಷ ಕೇಳಿದ್ದು ಏನಾಯಿತು ಎಂಬುದರಿಂದಲೇ ಮಾತು ಶುರು ಮಾಡಿ.