ದೊಡ್ಡ ಕುಳಿ (ಗಾಲ್ಫ್)

ಗಾಲ್ಫ್ ಆಟದಲ್ಲಿ ಚೆಂಡು ಕೊನೆಗೆ ಬಂದು ಬೀಳಬೇಕಾದ, ಆಟಗಾರರು ‘ಹೋಲ್’ ಎಂದೂ ‘ಕಪ್’ ಎಂದೂ ಕರೆಯುವ ಕುಳಿಯ ವ್ಯಾಸ ನಿಯಮದ ಪ್ರಕಾರ 4.25 ಅಂಗುಲ, ಅಂದರೆ 108 ಮಿಲಿಮೀಟರ್ ಇರಬೇಕು. ಆಳ 4 ಅಂಗುಲಕ್ಕೆ ಕಡಿಮೆಯಾಗಬಾರದು. ಆಟವನ್ನು ಸುಲಭಗೊಳಿಸುವ ಸಲುವಾಗಿ ಈ ಅಳತೆಯನ್ನು ಮೀರಿ, ಹೆಚ್ಚಾಗಿ 8 ಅಥವಾ 15 ಅಂಗುಲ ಅಗಲಕ್ಕೆ ಕೊರೆದ ಕುಳಿಯನ್ನು ‘ದೊಡ್ಡ ಕುಳಿ’ ಎನ್ನಲಾಗುತ್ತದೆ. ಇದನ್ನು 2014ರ ಅಮೆರಿಕದ ಹೊಸ ಕಲ್ಪನೆಯೆಂದು ಹೇಳುವ ಬರಹಗಳು ಬಹಳ; ಆದರೆ ಈ ಪ್ರಸ್ತಾಪ ಅದಕ್ಕೂ ಎಂಬತ್ತು ವರ್ಷ ಹಳೆಯದು, ಮೇಲಾಗಿ ಬೇರೆ ಬೇರೆ ಕಾಲದ ಪ್ರತಿಪಾದಕರು ಬಯಸಿದ್ದು ಒಂದೇ ಫಲವನ್ನಲ್ಲ.

ಕುಳಿಗೆ ನಿಶ್ಚಿತ ಅಳತೆಯಿಲ್ಲದ ಕಾಲವೇ ಈ ಆಟದ ಚರಿತ್ರೆಯಲ್ಲಿ ದೀರ್ಘವಾದದ್ದು. ಸ್ಕಾಟ್‌ಲೆಂಡಿನ ಲೀತ್‌ನಲ್ಲಿ 1744ರಲ್ಲಿ ಬರೆದಿಟ್ಟ ಹದಿಮೂರು ನಿಯಮಗಳಲ್ಲಿ ಕುಳಿಯ ಅಗಲದ ಮಾತೇ ಇಲ್ಲ. ಅದರ ಬದಲು, ಮುಂದಿನ ಕುಳಿಯತ್ತ ಹೊಡೆಯುವ ಮೊದಲ ಹೊಡೆತಕ್ಕೆ ಚೆಂಡನ್ನು ಹಿಂದಿನ ಕುಳಿಯಿಂದ ಒಂದು ಕೋಲಿನ ಅಳತೆಯೊಳಗೆ ಇಡಬೇಕೆಂಬ ವಿಧಿಯಿದೆ. ಚೆಂಡನ್ನು ಎತ್ತರಿಸಿ ಇಡುವ ‘ಟೀ’ ಆಗ ಹಿಡಿ ಮರಳಿನ ಗುಪ್ಪೆಯಾಗಿದ್ದರಿಂದ, ಆ ಮರಳನ್ನು ಪಕ್ಕದ ಕುಳಿಯ ತಳದಿಂದಲೇ ತೆಗೆಯುವ ರೂಢಿಯಿತ್ತು. ಹೀಗಾಗಿ ಬೆಳಿಗ್ಗೆ ಆಡಿದವರಿಗೆ ಸಿಕ್ಕ ಕುಳಿಗಿಂತ ಸಂಜೆ ಆಡಿದವರಿಗೆ ಸಿಕ್ಕ ಕುಳಿ ಆಳವೂ ಅಗಲವೂ ಆಗಿರುತ್ತಿತ್ತು. ಉದ್ದೇಶವಿಲ್ಲದೆ ಹಿಗ್ಗಿದ ಈ ಕುಳಿಗಳನ್ನು ಪ್ರಸ್ತುತ ವಿಷಯದ ಪೂರ್ವರೂಪವೆಂದು ಪರಿಗಣಿಸಲು ಅಡ್ಡಿಯಿಲ್ಲ.

4.25 ಅಂಗುಲದ ಮೂಲದ ವಿಷಯದಲ್ಲಿ ಆಕರಗಳು ಒಪ್ಪುವುದಿಲ್ಲ. ಅಂಚು ಕುಸಿಯದಂತೆ ಯಾರೋ ಚರಂಡಿ ಕೊಳವೆಯ ತುಂಡೊಂದನ್ನು ಕುಳಿಯಲ್ಲಿ ಇಳಿಸಿದರು, ಆ ಕೊಳವೆಯ ಅಗಲವೇ ನಿಯಮವಾಯಿತು ಎಂಬುದು ಜನಪ್ರಿಯ ಕಥೆ. ಕೆಲವರು ಇದನ್ನು ಮಸಲ್‌ಬರೋ ಮೈದಾನಕ್ಕೆ ಅಂಟಿಸಿದರೆ, ಕೆಲವರು ಸೇಂಟ್ ಆಂಡ್ರೂಸ್‌ನ ಮೈದಾನಪಾಲಕ ಓಲ್ಡ್ ಟಾಮ್ ಮಾರಿಸ್ ಹೆಸರಿಗೆ ಅಂಟಿಸುತ್ತಾರೆ. ಕಥೆಯ ನಾಯಕ ಹೀಗೆ ಊರೂರಿಗೆ ಬದಲಾಗುವುದೇ ಅದರ ಮೇಲಿನ ನಂಬಿಕೆಯನ್ನು ಕಡಿಮೆ ಮಾಡುತ್ತದೆ. ಇದಕ್ಕೆ ಎದುರಾಗಿ ನಿಲ್ಲುವ ಭೌತಿಕ ಸಾಕ್ಷ್ಯವೆಂದರೆ 1829ರಲ್ಲಿ ಮಸಲ್‌ಬರೋದಲ್ಲಿ ತಯಾರಾದ, ಇಂದಿಗೂ ಉಳಿದಿರುವ ಕುಳಿ ಕೊರೆಯುವ ಉಪಕರಣ. ಅದು ಕೊರೆಯುವ ಅಗಲ 4.25 ಅಂಗುಲ. ಆದರೆ ಉಪಕರಣವಿದ್ದ ಮಾತ್ರಕ್ಕೆ ಎಲ್ಲೆಡೆಯೂ ಅದೇ ಅಳತೆಯಿತ್ತೆಂದು ತೀರ್ಮಾನಿಸಲಾಗದು, ಏಕೆಂದರೆ ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ ಈ ಅಳತೆಯನ್ನು ತನ್ನ ನಿಯಮಗಳಲ್ಲಿ ಸೇರಿಸಿದ್ದು 1891ರಲ್ಲಿ.

ಈ ಎರಡು ಇಸವಿಗಳ ನಡುವೆಯೇ ಭಾರತದ ಹಳೆಯ ಗಾಲ್ಫ್ ಕ್ಲಬ್‌ಗಳು ಹುಟ್ಟಿದವೆಂಬುದನ್ನು ಸಾಮಾನ್ಯ ಇತಿಹಾಸಗಳು ಗಮನಿಸುವುದಿಲ್ಲ. ಬ್ರಿಟಿಷ್ ದ್ವೀಪಗಳ ಹೊರಗಿನ ಅತಿ ಹಳೆಯ ಕ್ಲಬ್ಬಾದ ಕಲ್ಕತ್ತದ ಸಂಸ್ಥೆ ಸ್ಥಾಪನೆಯಾದದ್ದು ಮಸಲ್‌ಬರೋ ಉಪಕರಣದ ವರ್ಷವಾದ 1829ರಲ್ಲಿಯೇ. ಹೈಗ್ರೌಂಡ್ಸ್‌ನಲ್ಲಿರುವ ಬೆಂಗಳೂರು ಗಾಲ್ಫ್ ಕ್ಲಬ್‌ನ ಸ್ಥಾಪನೆ 1876ರಲ್ಲಿ. ಎಂದರೆ ಬೆಂಗಳೂರಿನ ದಂಡುಪ್ರದೇಶದ ಬಿಳಿಯರು ಮೊದಲ ಹದಿನೈದು ವರ್ಷ ಆಡಿದ್ದು ಕುಳಿಯ ಅಗಲವನ್ನು ಯಾವ ಲಿಖಿತ ನಿಯಮವೂ ಕಟ್ಟಿಹಾಕಿರದ ಕಾಲದಲ್ಲಿ.

1891ರ ನಂತರ ಕುಳಿ ಬದಲಾಗಲಿಲ್ಲ, ಆದರೆ ಚೆಂಡು ಬದಲಾಯಿತು. ಅಮೆರಿಕದ ಗಾಲ್ಫ್ ಸಂಘ 1930ರ ದಶಕದ ಆರಂಭದಲ್ಲಿ ಚೆಂಡಿನ ಕನಿಷ್ಠ ವ್ಯಾಸವನ್ನು 1.68 ಅಂಗುಲಕ್ಕೆ ಏರಿಸಿತು. ಭಾರತವೂ ಸೇರಿದಂತೆ ಸೇಂಟ್ ಆಂಡ್ರೂಸ್‌ನ ನಿಯಮಕ್ಕೆ ಒಳಪಟ್ಟ ದೇಶಗಳಲ್ಲಿ 1.62 ಅಂಗುಲದ ಸಣ್ಣ ಚೆಂಡು 1990ರವರೆಗೂ ಸಿಂಧುವಾಗಿತ್ತು. ಚೆಂಡಿಗೆ ಹೋಲಿಸಿ ನೋಡಿದರೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೆಂಗಳೂರಿನ ಆಟಗಾರನಿಗೆ ದೊರೆಯಬಹುದಾಗಿದ್ದ ಕುಳಿ ಅಮೆರಿಕದವನ ಕುಳಿಗಿಂತ ಸುಮಾರು ಶೇಕಡಾ 4ರಷ್ಟು ದೊಡ್ಡದು. ಈ ವ್ಯತ್ಯಾಸವನ್ನು ಯಾರೂ ಸುಧಾರಣೆಯೆಂದು ಕರೆಯಲಿಲ್ಲ.

ಕುಳಿಯನ್ನೇ ಹಿಗ್ಗಿಸಬೇಕೆಂದು ಬಹಿರಂಗವಾಗಿ ವಾದಿಸಿದ ಮೊದಲ ಪ್ರಮುಖ ಆಟಗಾರ ಅಮೆರಿಕದ ಜೀನ್ ಸರಾಜೆನ್. 1932ರಲ್ಲಿ ಅಮೆರಿಕ ಮತ್ತು ಬ್ರಿಟನ್ ಎರಡರ ಓಪನ್ ಪ್ರಶಸ್ತಿಗಳನ್ನೂ ಗೆದ್ದಿದ್ದ ಅವರು, ಆ ದಶಕದಲ್ಲಿ 8 ಅಂಗುಲದ ಕುಳಿಯನ್ನು ಸೂಚಿಸಿದರು. ಅವರ ದೂರು ಹೊಸಬರ ಕಷ್ಟದ ಕುರಿತಾದದ್ದಲ್ಲ. ಕುಳಿಯ ಸುತ್ತಲಿನ ನುಣುಪು ಹುಲ್ಲಿನ ‘ಗ್ರೀನ್’ ಮೇಲೆ ಚೆಂಡನ್ನು ಮೆಲ್ಲನೆ ಉರುಳಿಸುವ ‘ಪಟ್’ ಹೊಡೆತಕ್ಕೆ, ದೂರದ ಹೊಡೆತಗಳ ಕೌಶಲಕ್ಕಿಂತ ಹೆಚ್ಚಿನ ತೂಕ ಬಂದಿದೆಯೆಂಬುದು ಅವರ ಆಕ್ಷೇಪ. ನಿಯಮ ಸಂಸ್ಥೆಗಳು ಇದನ್ನು ಒಪ್ಪಲಿಲ್ಲ. ಸರಾಜೆನ್ ಅವರನ್ನು ಸುಲಭ ಗಾಲ್ಫ್‌ನ ಪಿತಾಮಹರೆಂದು ವರ್ಣಿಸುವುದು ಆದ್ದರಿಂದ ಪೂರ್ತಿ ಸರಿಯಲ್ಲ. ಅವರ ಕಣ್ಣು ಇದ್ದದ್ದು ವೃತ್ತಿಪರರ ಮೇಲೆ.

ದೊಡ್ಡ ಕುಳಿ ಎಷ್ಟು ಸುಲಭ ಎಂಬ ಲೆಕ್ಕದಲ್ಲೂ ಗೊಂದಲವಿದೆ. 15 ಅಂಗುಲದ ಕುಳಿಯ ವಿಸ್ತೀರ್ಣ ಸಾಮಾನ್ಯ ಕುಳಿಯ ಹನ್ನೆರಡು ಪಟ್ಟಿಗೂ ಹೆಚ್ಚು. ಈ ಅಂಕಿಯನ್ನೇ ಸುಲಭದ ಅಳತೆಯೆಂದು ಹಿಡಿಯುವುದುಂಟು. ಆದರೆ ನೆಲದ ಮೇಲೆ ಉರುಳುವ ಚೆಂಡಿಗೆ ಎದುರಾಗುವುದು ವಿಸ್ತೀರ್ಣವಲ್ಲ, ಅಗಲ, ಮತ್ತು ಅಗಲ ಹೆಚ್ಚುವುದು ಮೂರೂವರೆ ಪಟ್ಟು ಮಾತ್ರ. ಮೂರು ಮೀಟರ್ ದೂರದಿಂದ ನಿಧಾನವಾಗಿ ಉರುಳಿಸಿದ ಚೆಂಡು ಸಾಮಾನ್ಯ ಕುಳಿಗೆ ಬೀಳಬೇಕಾದರೆ ಗುರಿ ಎರಡೂ ಬದಿಗೆ ಸುಮಾರು 1 ಡಿಗ್ರಿಯೊಳಗೆ ಇರಬೇಕು; 15 ಅಂಗುಲದ ಕುಳಿಯಲ್ಲಿ ಇದು ಸುಮಾರು 3.6 ಡಿಗ್ರಿಗೆ ಏರುತ್ತದೆ. ವೇಗದ ವಿಷಯ ಇನ್ನೂ ಮುಖ್ಯ. ಕುಳಿಯ ನಡುವಿನ ಮೇಲೆ ಹಾಯುವ ಚೆಂಡು ಎದುರಿನ ಅಂಚನ್ನು ಮುಟ್ಟುವ ಮೊದಲು ತನ್ನ ತ್ರಿಜ್ಯದಷ್ಟಾದರೂ ಕೆಳಗಿಳಿಯಬೇಕು, ಅದಕ್ಕೆ ಬೇಕಾದ ಕಾಲ 0.066 ಸೆಕೆಂಡ್. ಈ ಸರಳ ಲೆಕ್ಕದಲ್ಲಿ ಸಾಮಾನ್ಯ ಕುಳಿ ಸೆಕೆಂಡಿಗೆ 1.3 ಮೀಟರ್ ವೇಗದ ಚೆಂಡನ್ನು ನುಂಗಬಲ್ಲದು, 8 ಅಂಗುಲದ್ದು 2.75 ಮೀಟರ್, 15 ಅಂಗುಲದ್ದು 5.45 ಮೀಟರ್ ವೇಗದ್ದನ್ನು. ಬ್ರಯಾನ್ ಹೋಮ್ಸ್ 1991ರಲ್ಲಿ ಪ್ರಕಟಿಸಿದ ಭೌತವಿಜ್ಞಾನದ ಅಧ್ಯಯನವು ಎದುರಿನ ಅಂಚಿಗೆ ಬಡಿದು ಒಳಬೀಳುವ ಚೆಂಡನ್ನೂ ಸೇರಿಸಿಕೊಂಡು ಸಾಮಾನ್ಯ ಕುಳಿಯ ಮಿತಿಯನ್ನು 1.63 ಮೀಟರ್ ಎಂದು ಕಂಡುಕೊಂಡಿತು. ದೊಡ್ಡ ಕುಳಿಯ ನಿಜವಾದ ಲಾಭ ಹೀಗೆ ಗುರಿ ತಪ್ಪುವವರಿಗಿಂತ ಬಲ ಹೆಚ್ಚಿಸಿ ಹೊಡೆಯುವವರಿಗೆ, ಅರ್ಥಾತ್ ಕಲಿಯುವವರಿಗೆ, ಹೆಚ್ಚು ಸಲ್ಲುತ್ತದೆ.

ಎರಡನೆಯ ಅಲೆ ಎದ್ದದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ, ಅಮೆರಿಕದಲ್ಲಿ ಆಟಗಾರರ ಸಂಖ್ಯೆ ಇಳಿಯತೊಡಗಿದಾಗ. ಅಲ್ಲಿನ ರಾಷ್ಟ್ರೀಯ ಗಾಲ್ಫ್ ಪ್ರತಿಷ್ಠಾನದ ಅಂದಾಜಿನಂತೆ 2014ರ ಹಿಂದಿನ ಹತ್ತು ವರ್ಷಗಳಲ್ಲಿ ಸುಮಾರು 50 ಲಕ್ಷ ಜನ ಆಟ ಬಿಟ್ಟಿದ್ದರು. ಹೆಸರಾಂತ ಆಟಗಾರ ಜ್ಯಾಕ್ ನಿಕ್ಲಸ್ 2011ರಲ್ಲಿ ಒಹಾಯೊದ ತಮ್ಮ ಮ್ಯೂರ್‌ಫೀಲ್ಡ್ ವಿಲೇಜ್ ಕ್ಲಬ್‌ನಲ್ಲಿ 8 ಅಂಗುಲದ ಕುಳಿಗಳನ್ನು ಕೊರೆಸಿ, ಹದಿನೆಂಟರ ಬದಲು ಹನ್ನೆರಡೇ ಕುಳಿಗಳ ಪಂದ್ಯ ಆಡಿಸಿದರು. ಸರಾಜೆನ್ ಅವರ ಅಳತೆಯೇ ಮರಳಿ ಬಂದಿದ್ದರೂ ಇಲ್ಲಿ ಉಳಿಸಬೇಕಾಗಿದ್ದದ್ದು ಸಮಯ. ಮೂರು ವರ್ಷಗಳ ನಂತರ, ಆಟದ ಸಲಕರಣೆ ತಯಾರಿಸುವ ಟೇಲರ್‌ಮೇಡ್ ಕಂಪನಿಯ ಮುಖ್ಯಸ್ಥ ಮಾರ್ಕ್ ಕಿಂಗ್, ‘ಹ್ಯಾಕ್ ಗಾಲ್ಫ್’ ಎಂಬ ಅಭಿಯಾನದ ಅಡಿಯಲ್ಲಿ ಅಳತೆಯನ್ನು 15 ಅಂಗುಲಕ್ಕೆ ಒಯ್ದರು. 2014ರ ಏಪ್ರಿಲ್‌ನಲ್ಲಿ ಜಾರ್ಜಿಯಾದಲ್ಲಿ ನಡೆದ ಪ್ರದರ್ಶನದಲ್ಲಿ ಸರ್ಜಿಯೊ ಗಾರ್ಸಿಯ ಒಂಬತ್ತು ಕುಳಿಗಳನ್ನು 30 ಹೊಡೆತಗಳಲ್ಲಿ, ಜಸ್ಟಿನ್ ರೋಸ್ 33ರಲ್ಲಿ ಮುಗಿಸಿದರು. ವಿಶ್ವದರ್ಜೆಯ ಆಟಗಾರರಿಗೆ ಇದು ಒಳ್ಳೆಯ ಆಟ, ಆದರೆ ಅದ್ಭುತವೇನಲ್ಲ. ಗ್ರೀನ್ ತಲುಪಲು ಬೇಕಾದ ಹೊಡೆತಗಳನ್ನು ಕುಳಿಯ ಅಗಲ ಉಳಿಸಲಾರದೆಂಬುದು ಪ್ರದರ್ಶನದಿಂದಲೇ ಹೊರಬಿದ್ದಿತು.

ಪ್ರಯೋಗ ಬೇರೂರದ್ದಕ್ಕೆ ಸಂಪ್ರದಾಯವಾದಿಗಳ ವಿರೋಧವನ್ನೇ ಕಾರಣವೆಂದು ಹೇಳುವುದು ವಾಡಿಕೆ. ನಿರ್ವಹಣೆಯ ತೊಡಕೂ ಅಷ್ಟೇ ದೊಡ್ಡದು. ಸುತ್ತಲಿನ ಹುಲ್ಲು ಸವೆಯದಂತೆ ಮೈದಾನದ ಸಿಬ್ಬಂದಿ ಕುಳಿಯ ಜಾಗವನ್ನು ಆಗಾಗ ಬದಲಿಸುತ್ತಾರೆ, ಹೊಸ ಕುಳಿಯಿಂದ ತೆಗೆದ ಹುಲ್ಲುಮಣ್ಣಿನ ಬೆಣೆಯಿಂದಲೇ ಹಳೆಯದನ್ನು ಮುಚ್ಚುತ್ತಾರೆ. 15 ಅಂಗುಲದ ಬೆಣೆಯನ್ನು ಒಡೆಯದೆ ಎತ್ತುವುದು, ಕೂರಿಸುವುದು ಸುಲಭವಲ್ಲ. ಎರಡೂ ಬಗೆಯ ಆಟಗಾರರಿದ್ದರೆ ಪ್ರತಿ ಗ್ರೀನ್‌ನಲ್ಲೂ ಎರಡೆರಡು ಕುಳಿ ಬೇಕು. ಅಗಲ ಇನ್ನೂ ಹೆಚ್ಚಿರುವ, ಸುಮಾರು 21 ಅಂಗುಲದ ಕುಳಿ ಮಾತ್ರ ನೆಲೆ ಕಂಡಿತು, ಅದೂ ಕಾಲ್ಚೆಂಡನ್ನು ಒದ್ದು ಆಡುವ ‘ಫುಟ್‌ಗಾಲ್ಫ್’ ಎಂಬ ಪ್ರತ್ಯೇಕ ಆಟದಲ್ಲಿ. ಅದರ ಮೊದಲ ವಿಶ್ವಕಪ್ 2012ರಲ್ಲಿ ಹಂಗೇರಿಯಲ್ಲಿ ನಡೆಯಿತು.

ಕರ್ನಾಟಕದಲ್ಲಿ ಈ ಚರ್ಚೆಯ ಸಂದರ್ಭವೇ ಬೇರೆ. ಹೈಗ್ರೌಂಡ್ಸ್‌ನ ಹಳೆಯ ಮೈದಾನ ನಗರದ ನಡುವೆ ಸಿಕ್ಕಿಕೊಂಡು ಅಳತೆಯಲ್ಲಿ ಚಿಕ್ಕದಾಗಿದೆ. ದೊಮ್ಮಲೂರು ಬಳಿಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನವನ್ನು ಐದು ಬಾರಿ ಬ್ರಿಟಿಷ್ ಓಪನ್ ಗೆದ್ದ ಪೀಟರ್ ಥಾಮ್ಸನ್ ರೂಪಿಸಿದರು. ಹೆಬ್ಬಾಳ, ಯಲಹಂಕ ದಾಟಿ ನಂದಿಬೆಟ್ಟದ ಕಡೆ ಸಾಗಿದರೆ ಸಿಗುವ ಪ್ರೆಸ್ಟೀಜ್ ಗಾಲ್ಫ್‌ಶೈರ್ ವಿಲ್ಲಾ ಬಡಾವಣೆಯೊಂದಿಗೆ ಬೆಳೆದದ್ದು. ಇಲ್ಲಿ ಹೊಸಬನಿಗೆ ಮೊದಲ ತಡೆ ಎದುರಾಗುವುದು ಕ್ಲಬ್ಬಿನ ಗೇಟಿನಲ್ಲಿ, ಕುಳಿಯ ಮಾತು ಆಮೇಲಿನದು. ಒಳಗೆ ಬಂದವರ ನಡುವೆ 4.25 ಅಂಗುಲದ ಬೆಲೆ ಎಷ್ಟೆಂಬುದಕ್ಕೆ ಬೆಂಗಳೂರಿನಲ್ಲೇ ಆಟ ಕಲಿತ ಅದಿತಿ ಅಶೋಕ್ ಅವರ ಉದಾಹರಣೆಯಿದೆ: 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಗ್ರೀನ್‌ನಲ್ಲಿ ಅವರ ಪಟ್ ಸ್ವಲ್ಪದರಲ್ಲಿ ತಪ್ಪಿ, ಒಂದೇ ಹೊಡೆತದ ಅಂತರದಲ್ಲಿ ಕಂಚು ಕೈಬಿಟ್ಟು ನಾಲ್ಕನೆಯ ಸ್ಥಾನ ಬಂದಿತು.

ನಿಯಮದ ದೃಷ್ಟಿಯಲ್ಲಿ ದೊಡ್ಡ ಕುಳಿಯ ಆಟ ಇಂದಿಗೂ ವಿನೋದದ ಆಟ. ಬೇರೆ ಬೇರೆ ಮಟ್ಟದ ಆಟಗಾರರನ್ನು ಸಮದೂಗಿಸಲು ನೀಡುವ ಹೊಡೆತಗಳ ರಿಯಾಯಿತಿಯಾದ ‘ಹ್ಯಾಂಡಿಕ್ಯಾಪ್’ ಲೆಕ್ಕಕ್ಕೆ ಅದರ ಅಂಕಗಳು ಸೇರುವುದಿಲ್ಲ. ಇದಕ್ಕೆ ಹೋಲಿಸಬಹುದಾದ ಒಂದು ವಿನಾಯಿತಿ 2020ರ ಕೋವಿಡ್ ತಿಂಗಳುಗಳಲ್ಲಿ ಕಾಣುತ್ತದೆ. ಕುಳಿಯೊಳಗೆ ಕೈ ಹಾಕುವುದನ್ನು ತಪ್ಪಿಸಲು ಹಲವು ಮೈದಾನಗಳು ಅದರ ಒಳಗವಚವನ್ನು ನೆಲದಿಂದ ಮೇಲಕ್ಕೆ ಎತ್ತಿಟ್ಟವು. ಚೆಂಡು ಕುಳಿಗೆ ಬೀಳಲು ಸಾಧ್ಯವೇ ಇಲ್ಲದ ಈ ಆಟದ ಅಂಕಗಳನ್ನು ಅಮೆರಿಕದ ಗಾಲ್ಫ್ ಸಂಘ ತಾತ್ಕಾಲಿಕವಾಗಿ ಹ್ಯಾಂಡಿಕ್ಯಾಪ್‌ಗೆ ಅಂಗೀಕರಿಸಿತು.