ಆರು ಸೆಂಟಿಮೀಟರಿನ ಜಗಳ

ಹೋದ ಭಾನುವಾರ ಅರ್ಧ ದಿನ ಗ್ಯಾರೇಜಿನಲ್ಲಿ ಕಳೆದುಹೋಯಿತು. ಗೆಳೆಯನೊಬ್ಬ ತನ್ನ ಕಾರಿಗೆ ಕಾಯಿಲ್‌ಓವರ್ ಹಾಕಿಸಿದ್ದಾನೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ಶಾಕ್ ಅಬ್ಸಾರ್ಬರಿನ ಮೈಗೆ ಥ್ರೆಡ್ ಇರುತ್ತೆ, ಸ್ಪ್ರಿಂಗ್ ಅದರ ಸುತ್ತಲೇ ಕೂತಿರುತ್ತೆ. ಸ್ಪ್ರಿಂಗಿನ ಬುಡದಲ್ಲಿರೋ ಬಳೆಯನ್ನು ಸ್ಪ್ಯಾನರ್ ಹಾಕಿ ತಿರುಗಿಸಿದರೆ ಗಾಡಿ ಏರುತ್ತೆ ಅಥವಾ ಇಳಿಯುತ್ತೆ. ನಾಲ್ಕೂ ಚಕ್ರ ತಿರುಗಿಸಿ ಮುಗಿಸಿ, ಜಾಕ್ ಇಳಿಸಿದ ಕೂಡಲೇ ನಾನು ಟೇಪ್ ಹಿಡಿದು ಅಳೆಯೋಕೆ ಹೋದೆ. ಮೆಕ್ಯಾನಿಕ್ ತಡೆದರು. "ಈಗ ಅಳೀಬೇಡಿ ಸಾರ್, ನಿಂತಿರೋ ಗಾಡಿ ಸುಳ್ಳು ಹೇಳುತ್ತೆ. ಒಂದು ರೌಂಡ್ ಹೋಗಿ ಬನ್ನಿ."

ನಿಜ. ಜಾಕ್‌ನಿಂದ ಇಳಿದಾಗ ಟೈರುಗಳು ನೆಲ ಕಚ್ಚಿಕೊಂಡು ಕಾರನ್ನು ಪೂರ್ತಿ ಕೂರೋಕೆ ಬಿಡೋದಿಲ್ಲ. ಸ್ವಲ್ಪ ಓಡಿದ ಮೇಲೆಯೇ ಅಸಲಿ ಎತ್ತರ ಗೊತ್ತಾಗೋದು. ಆದರೆ ನನ್ನ ತಲೆ ಆಗಲೇ 1981ಕ್ಕೆ ಹೋಗಿಬಿಟ್ಟಿತ್ತು. ಯಾಕಂದ್ರೆ ಇದೇ ಮಾತಿನ ಮೇಲೆ ಫಾರ್ಮುಲಾ ಒನ್‌ನಲ್ಲಿ ದೊಡ್ಡ ರಾದ್ಧಾಂತವೇ ಆಗಿತ್ತು.

ಹಿನ್ನೆಲೆ ಇಷ್ಟು. ಲೋಟಸ್ ತಂಡದ ಕಾಲಿನ್ ಚಾಪ್‌ಮನ್ 1977-78ರಲ್ಲಿ ಕಾರಿನ ಹೊಟ್ಟೆಯನ್ನೇ ತಲೆಕೆಳಗಾದ ವಿಮಾನದ ರೆಕ್ಕೆಯ ಹಾಗೆ ಮಾಡಿದ. ಅಡಿಯಲ್ಲಿ ಗಾಳಿ ವೇಗವಾಗಿ ನುಗ್ಗಿದಾಗ ಒತ್ತಡ ಕಡಿಮೆಯಾಗಿ ಕಾರು ನೆಲಕ್ಕೆ ಅಂಟಿಕೊಂಡಂತಾಗುತ್ತೆ. ಪಕ್ಕದಿಂದ ಗಾಳಿ ನುಸುಳದಂತೆ ಮೇಲೆ ಕೆಳಗೆ ಜಾರುವ ಸ್ಕರ್ಟುಗಳು ಬೇರೆ. 1978ರಲ್ಲಿ ಲೋಟಸ್ 79 ಓಡಿಸಿದ ಮಾರಿಯೋ ಆಂಡ್ರೆಟ್ಟಿ ಚಾಂಪಿಯನ್ ಆದ. ಮೂಲೆಗಳಲ್ಲಿ ವೇಗ ಮಿತಿಮೀರಿ ಏರಿತು. ಸ್ಕರ್ಟು ಎಲ್ಲೋ ಸಿಕ್ಕಿಹಾಕಿಕೊಂಡರೆ ಹಿಡಿತ ಒಂದೇ ಕ್ಷಣದಲ್ಲಿ ಮಾಯ, ಡ್ರೈವರ್ ಗೋಡೆಗೆ. ಹಾಗಾಗಿ 1981ಕ್ಕೆ ಫೀಸಾ ಜಾರುವ ಸ್ಕರ್ಟು ನಿಷೇಧಿಸಿ, ಕಾರಿನ ಅಡಿಗೂ ನೆಲಕ್ಕೂ ನಡುವೆ ಕನಿಷ್ಠ 6 ಸೆಂಟಿಮೀಟರ್ ಜಾಗ ಇರಲೇಬೇಕು ಅಂತ ನಿಯಮ ಮಾಡಿತು.

ಓಡುತ್ತಿರುವ ಕಾರಿನ ಕೆಳಗೆ ಸ್ಕೇಲ್ ಹಿಡಿಯೋರು ಯಾರು? ಅಳೆಯೋದು ಪಿಟ್‌ನಲ್ಲಿ, ನಿಂತ ಕಾರನ್ನು. ಈ ತೂತು ಕಂಡಿದ್ದು ಬ್ರಾಭಮ್ ತಂಡದ ವಿನ್ಯಾಸಕ ಗಾರ್ಡನ್ ಮರ್ರೆಗೆ. (1978ರಲ್ಲಿ ಕಾರಿನ ಹಿಂದೆ ದೊಡ್ಡ ಫ್ಯಾನ್ ಕೂರಿಸಿ ಸ್ವೀಡನ್ ರೇಸ್ ಗೆಲ್ಲಿಸಿದ್ದೂ ಇದೇ ಆಸಾಮಿ.) ಯಾವ ಕಾರಾದರೂ ವೇಗದಲ್ಲಿ ಗಾಳಿಯ ಒತ್ತಡಕ್ಕೆ ತುಸು ಕೆಳಗಿಳಿಯುತ್ತೆ, ಅದನ್ನು ತಪ್ಪು ಅನ್ನೋಕಾಗಲ್ಲ. ಹಾಗೆ ಇಳಿದಿದ್ದು ಅಲ್ಲೇ ಉಳಿದರೆ?

ಬಿಟಿ49ಸಿ ಕಾರಿಗೆ ಅವನು ಗಾಳಿ ಮತ್ತು ದ್ರವ ತುಂಬಿದ ಸಸ್ಪೆನ್ಷನ್ ಹಾಕಿದ. ವೇಗ ಹೆಚ್ಚಿದಂತೆ ಮೇಲಿನ ಒತ್ತಡ ದ್ರವವನ್ನು ಹೊರಕ್ಕೆ ನೂಕುತ್ತೆ, ಕಾರು ಕುಸಿಯುತ್ತೆ. ವಾಪಸ್ ಬರೋಕೆ ಇರೋದು ಮಾತ್ರ ಸೂಜಿಮೊನೆಯಂಥ ಕಿಂಡಿ. ನಿಧಾನದ ತಿರುವಿನಲ್ಲಿ ಮೇಲೇಳುವಷ್ಟು ಹೊತ್ತು ಅದಕ್ಕೆ ಸಿಗೋದೇ ಇಲ್ಲ. ರೇಸ್ ಮುಗಿಸಿ ಸಾವಕಾಶವಾಗಿ ಪಿಟ್‌ಗೆ ಬರುವಷ್ಟರಲ್ಲಿ ಎದ್ದು, ಒಳ್ಳೇ ಹುಡುಗನ ಹಾಗೆ 6 ಸೆಂಟಿಮೀಟರ್ ತೋರಿಸುತ್ತೆ. ಡ್ರೈವರ್ ಒಂದು ಗುಂಡಿಯನ್ನೂ ಮುಟ್ಟಿಲ್ಲ!

ಮೊದಮೊದಲು ಕೈಕೊಟ್ಟಿತು. ಏಪ್ರಿಲ್ 12ರಂದು ಬ್ಯೂನಸ್ ಐರಿಸ್‌ನಲ್ಲಿ ಸರಿಯಾಗಿ ಕೆಲಸ ಮಾಡಿತು. ನೆಲ್ಸನ್ ಪಿಕೆ ಆರಾಮಾಗಿ ಗೆದ್ದ. ಅದಕ್ಕಿಂತ ಕಣ್ಣಿಗೆ ಕುಕ್ಕಿದ್ದು ಅವನ ಜೊತೆಗಾರ ಹೆಕ್ಟರ್ ರೆಬಾಕೆ. ಸಾಧಾರಣ ಡ್ರೈವರ್, ಕಾರು ಕೆಡುವ ತನಕ ಎರಡನೇ ಜಾಗದಲ್ಲಿದ್ದ. ತವರಿನಲ್ಲೇ ಕಾರ್ಲೋಸ್ ರಾಯ್ಟೆಮನ್ ಪಿಕೆಯ ಹಿಂದೆ ಎರಡನೆಯವನಾಗಬೇಕಾಯಿತು. ಆ ವರ್ಷದ ಕೊನೆಗೆ ಪಿಕೆ 50 ಅಂಕ, ರಾಯ್ಟೆಮನ್ 49. ಒಂದೇ ಅಂಕ! ಆ ಸೂಜಿಕಿಂಡಿಯ ಬೆಲೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ದೂರುಗಳು ಹೋದವು, ನಿಲ್ಲಲಿಲ್ಲ. ಇತ್ತ ಚಾಪ್‌ಮನ್ ಎರಡು ಚಾಸಿಗಳ ಲೋಟಸ್ 88 ತಂದರೆ ಅದಕ್ಕೆ ನಿಷೇಧ. ನನಗೆ ಇದು ಇವತ್ತಿಗೂ ಅನ್ಯಾಯ ಅನಿಸುತ್ತೆ. ಎರಡರ ಹಿಂದೆಯೂ ಇದ್ದದ್ದು ಒಂದೇ ಆಸೆ ತಾನೆ? ಉಳಿದ ತಂಡಗಳು ಮರ್ರೆಯಷ್ಟು ಕಷ್ಟಪಡಲಿಲ್ಲ, ಕಾಕ್‌ಪಿಟ್‌ನಲ್ಲೇ ಒಂದು ಸ್ವಿಚ್ಚು ಇಟ್ಟವು. ಒತ್ತಿದರೆ ಇಳಿ, ಒತ್ತಿದರೆ ಏಳು. 1982ಕ್ಕೆ ಆ 6 ಸೆಂಟಿಮೀಟರ್ ನಿಯಮವನ್ನೇ ಕೈಬಿಟ್ಟರು.

ಜಾಣತನಕ್ಕೆಲ್ಲ ನಾನು ಚಪ್ಪಾಳೆ ಹೊಡೆಯೋನೇ. ಆದರೆ ಬೆನ್ನು ಮುರಿದಿದ್ದು ಡ್ರೈವರುಗಳದ್ದು. ಕಾರು ನೆಲದಿಂದ ಸ್ವಲ್ಪವೂ ಅಲುಗಾಡಬಾರದು ಅಂತ ಸ್ಪ್ರಿಂಗುಗಳನ್ನು ಕಲ್ಲಿನಷ್ಟು ಗಟ್ಟಿ ಮಾಡಿದರು. ಬಗ್ಗುವುದು ಅಂತ ಉಳಿದಿದ್ದು ಟೈರು ಮಾತ್ರ, ಆಮೇಲೆ ಸೀಟಲ್ಲಿ ಕೂತವನ ಬೆನ್ನುಮೂಳೆ. ಜಿಲ್ ವಿಲ್‌ನವ್‌ನಂಥವನೇ ಈ ಕಾರುಗಳನ್ನು ಬೈದಿದ್ದ. ಕಡೆಗೆ 1983ಕ್ಕೆ ಕಾರಿನ ಹೊಟ್ಟೆ ಚಪ್ಪಟೆ ಇರಬೇಕು ಅಂತ ಮಾಡಿ ರೆಕ್ಕೆಯನ್ನೇ ಕಿತ್ತುಹಾಕಿದರು.

ಅಳೆಯುವ ಸಮಸ್ಯೆಗೆ ಉತ್ತರ ಸಿಕ್ಕಿದ್ದು 1994ರಲ್ಲಿ, ಅದೂ ಒಂದು ಮರದ ಹಲಗೆಯಲ್ಲಿ. ಕಾರಿನ ಅಡಿಗೆ 10 ಮಿಲಿಮೀಟರ್ ದಪ್ಪದ ಹಲಗೆ. ತೀರಾ ಕೆಳಗೆ ಓಡಿಸಿದರೆ ಅದು ಸವೆಯುತ್ತೆ, 1 ಮಿಲಿಮೀಟರ್‌ಗಿಂತ ಹೆಚ್ಚು ಸವೆದಿದ್ದರೆ ಔಟ್. ನಿಂತ ಕಾರು ಸುಳ್ಳು ಹೇಳಬಹುದು, ಸವೆದ ಹಲಗೆ ಹೇಳಲ್ಲ. ಅದೇ ಆಗಸ್ಟ್‌ನಲ್ಲಿ ಬೆಲ್ಜಿಯಂ ರೇಸ್ ಗೆದ್ದ ಶುಮಾಕರ್ ಹಲಗೆ ಸವೆದಿದೆ ಅಂತ ಅನರ್ಹನಾದ. 2023ರಲ್ಲಿ ಆಸ್ಟಿನ್‌ನಲ್ಲಿ ಹ್ಯಾಮಿಲ್ಟನ್, ಲೆಕ್ಲೇರ್ ಇಬ್ಬರಿಗೂ ಅದೇ ಗತಿ.

ನಮ್ಮ ಗೆಳೆಯನ ಕಾರಿಗೆ ಹಲಗೆ ಇಲ್ಲ, ಸೈಲೆನ್ಸರ್ ಇದೆ :) ರೌಂಡ್ ಹೋಗಿ ಬಂದವನು ಮಾತಾಡದೆ ಕಾರಿನ ಕೆಳಗೆ ಬಗ್ಗಿ ನೋಡಿದ, ರಸ್ತೆ ಹಂಪ್ ಉಜ್ಜಿದ ಗೀರು ಫಳಫಳ ಅಂತಿತ್ತು. ಮೆಕ್ಯಾನಿಕ್ ಮತ್ತೆ ಸ್ಪ್ಯಾನರ್ ತಗೊಂಡರು.