ಕೂಡಿ ಕಾಯ್ದ ಅವಧಾನ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಾಲ್ಕು ಊರುಗಳ ಹೆಸರನ್ನು ಕೇಳಿದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವುದು ಕೋಟೆ, ಸಮರ, ಸಮಾಧಿಗಳ ಚರಿತ್ರೆ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆಯು ಮಡಿದ ಕಿತ್ತೂರು, ಸೆರೆಯಲ್ಲಿದ್ದ ರಾಣಿ ಚೆನ್ನಮ್ಮ 1829ರಲ್ಲಿ ದೇಹವಿಟ್ಟ ಬೈಲಹೊಂಗಲ, ಸುಗಂಧವರ್ತಿಯೆಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿ ಮೆರೆದ ಸವದತ್ತಿ, ಭಾವೆ ಮನೆತನದ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ರಾಮದುರ್ಗ, ಇವೆಲ್ಲವೂ ಶಾಸನಗಳಲ್ಲಿಯೂ ದಫ್ತರಗಳಲ್ಲಿಯೂ ಲಾವಣಿಗಳಲ್ಲಿಯೂ ತಮ್ಮ ತಮ್ಮ ಸ್ಥಾನವನ್ನು ಪಡೆದಿವೆ. ಆದರೆ ಈ ಸೀಮೆಯ ಒಕ್ಕಲಿಗನೂ ನೇಕಾರನೂ ಗೃಹಿಣಿಯೂ ದಿನವಿಡೀ ಮಾಡಬೇಕಾದ ಕೆಲಸದ ಮೇಲೆ ತಮ್ಮ ಚಿತ್ತವನ್ನು ಹೇಗೆ ನಿಲ್ಲಿಸಿಕೊಂಡಿದ್ದರು, ನಿಲ್ಲದ ಚಿತ್ತವನ್ನು ಯಾವ ಏರ್ಪಾಡುಗಳಿಂದ ಕಾಯ್ದುಕೊಂಡಿದ್ದರು ಎಂಬುದಕ್ಕೂ ಒಂದು ಚರಿತ್ರೆಯುಂಟು. ಅದನ್ನು ಅರಿತುಕೊಳ್ಳುವುದು ನಮ್ಮ ಕಾಲದಲ್ಲಿ ಅನೇಕ ಜನರ ಬಾಳಿಗೆ ನೇರವಾಗಿ ಸಂಬಂಧಿಸಿದ ವಿಷಯವಾಗಿರುವುದರಿಂದ ಇಲ್ಲಿ ಅದನ್ನು ವಿವರಿಸಲು ತೊಡಗಿದ್ದೇನೆ.

ಪ್ರಾಯಕ್ಕೆ ಬಂದವರಲ್ಲಿ, ಸಂಸಾರಸ್ಥರಲ್ಲಿ, ನೌಕರಿ ವ್ಯಾಪಾರಗಳಲ್ಲಿ ತೊಡಗಿದವರಲ್ಲಿ ಕೆಲವರುಂಟು. ಬುದ್ಧಿಯಲ್ಲಿ ಅವರು ಯಾರಿಗೂ ಕಡಿಮೆಯಲ್ಲ, ಮನಸ್ಸಿನಲ್ಲಿ ಕಪಟವಿಲ್ಲ, ಕೆಲಸಕ್ಕೆ ಹಿಂಜರಿಯುವವರಲ್ಲ. ಆದರೂ ಹಿಡಿದ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹೊತ್ತಿನ ಅಂದಾಜು ತಪ್ಪುತ್ತದೆ. ಕಟ್ಟಬೇಕಾದ ಕಂತು ಮರೆತುಹೋಗುತ್ತದೆ. ಎದುರಿನವರ ಮಾತು ಮುಗಿಯುವ ಮುನ್ನವೇ ತಮ್ಮ ಮಾತು ಹೊರಬಿದ್ದುಬಿಡುತ್ತದೆ. ಮನಸ್ಸಿಗೆ ಹಿಡಿಸಿದ ಯಾವುದೋ ಒಂದರಲ್ಲಿ ಮಾತ್ರ ಅವರು ಅನ್ನನೀರುಗಳ ಅರಿವಿಲ್ಲದೆ ಗಂಟೆಗಟ್ಟಲೆ ಮುಳುಗಿರುವುದನ್ನು ಕಂಡ ಮನೆಯವರು, ಮನಸ್ಸು ಮಾಡಿದರೆ ಇವನಿಗೆ ಎಲ್ಲವೂ ಸಾಧ್ಯವೆಂದು ತೀರ್ಮಾನಿಸಿ, ಉಳಿದುದನ್ನೆಲ್ಲ ಉದಾಸೀನವೆಂದೂ ಉದ್ಧಟತನವೆಂದೂ ಎಣಿಸುತ್ತಾರೆ. ವೈದ್ಯರು ಇಂದು ಎಡಿಎಚ್‌ಡಿ ಎಂದು ಕರೆಯುವ ಈ ಅವಧಾನ-ನ್ಯೂನತೆಯು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದುದು. ವಂಶಪಾರಂಪರ್ಯವು ಅದರ ಕಾರಣಗಳಲ್ಲಿ ಮುಖ್ಯವಾದುದು. ಪ್ರಾಯದವರಲ್ಲಿ ನೂರಕ್ಕೆ ಎರಡು ಮೂರು ಮಂದಿಯಲ್ಲಿ ಇದು ಇರುವುದೆಂದು ನಾನಾ ದೇಶಗಳ ಸಮೀಕ್ಷೆಗಳಿಂದ ತಿಳಿದುಬಂದಿದೆ.

ಈ ಲಕ್ಷಣಗಳನ್ನು ವೈದ್ಯಶಾಸ್ತ್ರವು ಗುರುತಿಸಿದುದು ತೀರ ಇತ್ತೀಚೆಗೆ ಎಂದು ಭಾವಿಸಲಾಗದು. ಕಿತ್ತೂರಿನಲ್ಲಿ ಮಲ್ಲಸರ್ಜನ ಆಳಿಕೆ ನಡೆದಿದ್ದ ದಿನಗಳಲ್ಲಿಯೇ, 1798ರಲ್ಲಿ, ಅಲೆಕ್ಸಾಂಡರ್ ಕ್ರೈಟನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಯಾವುದೊಂದು ವಸ್ತುವಿನ ಮೇಲೆಯೂ ಮನಸ್ಸನ್ನು ಸ್ಥಿರವಾಗಿ ನಿಲ್ಲಿಸಲಾರದ ಸ್ಥಿತಿಯನ್ನು ತನ್ನ ಗ್ರಂಥದಲ್ಲಿ ವರ್ಣಿಸಿ, ಅದು ಹುಟ್ಟಿನಿಂದಲೇ ಬಂದಿರಬಹುದೆಂದು ಹೇಳಿದ್ದನು. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯನು ಇಂಥ ಬಾಲಕರನ್ನು ಕುರಿತು ಉಪನ್ಯಾಸಗಳನ್ನು ಮಾಡಿದನಾದರೂ, ಅವರಲ್ಲಿರುವುದು ನೈತಿಕ ಸಂಯಮದ ಕೊರತೆಯೆಂದೇ ನಿರೂಪಿಸಿದನು. ವಿದ್ಯಾವಂತನಾದ ವೈದ್ಯನಿಗೇ ನೀತಿಯ ದೋಷವಾಗಿ ತೋರಿದುದು ಹಳ್ಳಿಯ ಹಿರಿಯರಿಗೆ ಹಾಗೆ ತೋರಿದುದರಲ್ಲಿ ಆಶ್ಚರ್ಯವಿಲ್ಲ. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಉತ್ತೇಜಕ ಔಷಧವೊಂದನ್ನು ಕೊಟ್ಟಾಗ ಅಂಥ ಮಕ್ಕಳ ಮನಸ್ಸು ಪಾಠದಲ್ಲಿ ನಿಲ್ಲುವುದನ್ನು ಕಂಡನು. 1944ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸಂಯೋಜಿತವಾದ ಮಿಥೈಲ್‌ಫೆನಿಡೇಟ್ ಹತ್ತು ವರ್ಷಗಳ ತರುವಾಯ ಮಾರುಕಟ್ಟೆಗೆ ಬಂದಿತು. ಆದರೂ ಇದು ಬಾಲ್ಯದೊಡನೆ ಕಳೆದುಹೋಗುವ ತೊಂದರೆಯೆಂಬ ನಂಬಿಕೆ ಬಹುಕಾಲ ಉಳಿದು, ಕ್ರಮೇಣ ಸಡಿಲವಾಗುತ್ತ ಬಂದು, ಕಡೆಗೆ 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಪ್ರಾಯದವರಿಗೆಂದೇ ಮಾನದಂಡಗಳನ್ನು ಹೊಂದಿಸಲಾಯಿತು. ಹನ್ನೆರಡನೆಯ ವಯಸ್ಸಿಗೆ ಮುಂಚೆಯೇ ಕೆಲವು ಲಕ್ಷಣಗಳು ತೋರಿರಬೇಕು. ಹದಿನೇಳು ತುಂಬಿದವರಲ್ಲಿ ಐದು ಲಕ್ಷಣಗಳು ಮುಂದುವರಿದಿದ್ದರೆ ಸಾಕು. ಆದರೆ ಅವುಗಳಿಂದ ಬಾಳಿಗೆ ನಿಜವಾದ ಬಾಧೆಯಾಗುತ್ತಿರಬೇಕು ಎಂಬುದು ಅದರ ಸಾರ.

ನಮ್ಮ ಸೀಮೆಗೆ ಹತ್ತಿರವಾದ ಧಾರವಾಡದಲ್ಲಿ 1845ರಲ್ಲಿಯೇ ಹುಚ್ಚಾಸ್ಪತ್ರೆಯೊಂದು ಸ್ಥಾಪಿತವಾಗಿತ್ತು. ಆದರೆ ಆ ಕಾಲದ ಅಂಥ ಆಲಯಗಳು ಸಮಾಜದಿಂದ ಪ್ರತ್ಯೇಕಿಸಬೇಕೆನಿಸಿದ ರೋಗಿಗಳನ್ನು ಕಾಯ್ದಿಡುವುದಕ್ಕಾಗಿ ಹುಟ್ಟಿದವು. ದುಡಿಯುತ್ತ ಉಣ್ಣುತ್ತ ನಾಲ್ವರ ನಡುವೆ ಬಾಳುತ್ತಿದ್ದು, ಚಿತ್ತವೊಂದು ಮಾತ್ರ ಕೈಗೆ ಸಿಕ್ಕದೆ ಬಳಲುತ್ತಿದ್ದವನನ್ನು ಅಲ್ಲಿಗೆ ಕರೆದೊಯ್ಯುವ ಪ್ರಮೇಯವೇ ಇರಲಿಲ್ಲ. ಅವನು ಊರಿನಲ್ಲಿಯೇ ಉಳಿದನು. ಹಾಗೆ ಉಳಿದವನನ್ನು ಊರು ಯಾವ ಬಗೆಯಿಂದ ನಡೆಯಿಸಿಕೊಂಡಿತು ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ.

ಇದರ ಉತ್ತರವನ್ನು ಮೊದಲು ಕಣದಲ್ಲಿ ಹುಡುಕಬೇಕು. ಎರೆಯ ಹೊಲಗಳ ಹಿಂಗಾರಿ ಜೋಳವು ಕಣಕ್ಕೆ ಬಂದ ಮೇಲೆ, ನಡುವೆ ಮೇಟಿಯನ್ನು ನಿಲ್ಲಿಸಿ, ಎತ್ತುಗಳನ್ನು ಸಾಲಾಗಿ ಕಟ್ಟಿ, ತೆನೆಗಳ ಮೇಲೆ ಸುತ್ತಿಸುವ ಹಂತಿಯ ಕೆಲಸವು ಅನೇಕ ವೇಳೆ ಇರುಳಿನಲ್ಲಿ ನಡೆಯುತ್ತಿದ್ದಿತು. ಒಂದೇ ವರ್ತುಲದಲ್ಲಿ ಗಂಟೆಗಟ್ಟಲೆ ಸುತ್ತುವ ಕೆಲಸಕ್ಕಿಂತ ಮನಸ್ಸನ್ನು ಬೇಸರಕ್ಕೂ ನಿದ್ರೆಗೂ ಎಳೆಯುವ ಕೆಲಸ ಮತ್ತೊಂದಿರಲಾರದು. ಅದನ್ನು ಬಲ್ಲ ಹಿರಿಯರು ಅದಕ್ಕೆ ಹಾಡನ್ನು ಕೂಡಿಸಿದರು. ಒಬ್ಬನು ಪದವನ್ನೆತ್ತುವುದು, ಉಳಿದವರು ಅದನ್ನು ಹಿಂಬಾಲಿಸುವುದು, ಮತ್ತೆ ಅವನು ಮುಂದಿನ ನುಡಿಗೆ ಹೋಗುವುದು ಎಂಬ ಈ ಕ್ರಮದಲ್ಲಿ ಯಾವನ ಮನಸ್ಸು ಎತ್ತ ಹಾರಿದರೂ ತನ್ನ ಸರದಿ ಬಂದೊಡನೆ ಹಿಂದಿರುಗಲೇಬೇಕಾಗುತ್ತಿತ್ತು. ಹಂತಿಯ ಪದಗಳನ್ನು ನಮ್ಮ ಜಾನಪದ ವಿದ್ವಾಂಸರು ಸಾಹಿತ್ಯವೆಂದು ಸಂಗ್ರಹಿಸಿರುವುದು ಯೋಗ್ಯವೇ ಸರಿ. ಆದರೆ ಅವು ಕೆಲಸದ ಉಪಕರಣಗಳೂ ಆಗಿದ್ದವು, ಮೇಟಿಯೆಷ್ಟು ಅವಶ್ಯವೋ ಪದವೂ ಅಷ್ಟೇ ಅವಶ್ಯವಾಗಿದ್ದಿತು ಎಂಬುದನ್ನು ಮರೆಯಬಾರದು. ಬೀಸುವ ಪದಗಳ ಸಂಗತಿಯೂ ಇಂಥದೇ. 1931ರಲ್ಲಿ ಪ್ರಕಟವಾದ ‘ಗರತಿಯ ಹಾಡು’ ಸಂಕಲನದಿಂದ ನಾಡಿಗೆಲ್ಲ ಪರಿಚಿತವಾದ ಆ ತ್ರಿಪದಿಗಳು, ನಸುಕಿನಲ್ಲಿ ಒಂದೇ ಬೀಸುವಕಲ್ಲಿನ ಗೂಟವನ್ನು ಹಿಡಿದು ಎದುರುಬದುರು ಕುಳಿತ ಇಬ್ಬರು ಹೆಣ್ಣುಮಕ್ಕಳ ತೋಳಿನ ಲಯದಲ್ಲಿಯೇ ಬೆಳೆದಂಥವು.

ಎರಡನೆಯ ಏರ್ಪಾಡು ಮುಯ್ಯಾಳಿನದು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬ ಈ ಪರಸ್ಪರ ದುಡಿಮೆಯನ್ನು ಅರ್ಥಶಾಸ್ತ್ರದ ದೃಷ್ಟಿಯಿಂದ ವಿವೇಚಿಸುವವರು ಕೂಲಿಯ ಉಳಿತಾಯವನ್ನು ಎತ್ತಿ ಹೇಳುತ್ತಾರೆ. ಆದರೆ ಒಬ್ಬನೇ ನಿಂತರೆ ಯಾವ ಮೂಲೆಯಿಂದ ತೊಡಗಬೇಕೆಂದು ತಿಳಿಯದೆ ಬದುವಿನ ಮೇಲೆ ಕುಳಿತುಬಿಡುವ ಮನುಷ್ಯನು, ಎಡಕ್ಕೊಬ್ಬರು ಬಲಕ್ಕೊಬ್ಬರು ಸಾಲು ಹಿಡಿದು ಕಳೆ ತೆಗೆಯುತ್ತಿರುವಾಗ ತಾನೂ ಅವರೊಡನೆ ಸಾಗಿ ಹೊಲದ ಆ ತುದಿಯನ್ನು ಮುಟ್ಟುತ್ತಾನೆ ಎಂಬ ಇನ್ನೊಂದು ಲಾಭವೂ ಅದರಲ್ಲಿದ್ದಿತು. ಬೈಲಹೊಂಗಲದ ಪೇಟೆಗೆ ಬರುತ್ತಿದ್ದ ಹತ್ತಿಯನ್ನು ಹೊಲದಲ್ಲಿ ಬಿಡಿಸುತ್ತಿದ್ದ ಹೆಣ್ಣುಮಕ್ಕಳು ಹೀಗೆ ಸಾಲಿನಲ್ಲಿಯೇ ಸಾಗುತ್ತಿದ್ದರು. ಕೂರಿಗೆಯ ಹಿಂದೆ ನಡೆಯುತ್ತ ಬಟ್ಟಲಿಗೆ ಬೀಜ ಬಿಡುವವಳ ಲಕ್ಷ್ಯ ಒಂದು ಗಳಿಗೆ ತಪ್ಪಿದರೂ ಕೆಲವೇ ದಿನಗಳಲ್ಲಿ ಬರಿದಾದ ಸಾಲು ಎಲ್ಲರ ಕಣ್ಣಿಗೂ ಬೀಳುವುದರಿಂದ, ಮುಂದೆ ಎತ್ತು ಹೊಡೆಯುವವನು ಆಗಾಗ ಕೂಗಿ ಎಚ್ಚರಿಸುತ್ತಿದ್ದನು. ಲಕ್ಷ್ಯವು ಅಲ್ಲಿ ಒಬ್ಬಳ ತಲೆಯ ಭಾರವಾಗಿರದೆ ಇಬ್ಬರ ನಡುವಿನ ವ್ಯವಹಾರವಾಗಿದ್ದಿತು.

ರಾಮದುರ್ಗ, ಸುರೇಬಾನಗಳ ನೇಕಾರರ ಮನೆಗಳಲ್ಲಿ ಇದರ ಮತ್ತೊಂದು ರೂಪವನ್ನು ಕಾಣಬಹುದು. ಕುಣಿಮಗ್ಗದಲ್ಲಿ ಕುಳಿತವನ ಕಾಲು ಕೆಳಗೆ ತುಳಿಯುತ್ತಿರುವುದು, ಕೈ ಲಾಳಿಯನ್ನು ಓಡಿಸುತ್ತಿರುವುದು, ಕಣ್ಣು ದಡಿಯ ಮೇಲಿರುವುದು. ಎಳೆ ಹರಿದರೆ ಆ ಕ್ಷಣವೇ ತಿಳಿಯುವುದು, ತಪ್ಪು ನೆಯ್ದರೆ ಎದುರಿಗೇ ಕಾಣುವುದು. ಮಾಡಿದುದರ ಫಲವು ತತ್‌ಕ್ಷಣವೇ ಗೋಚರಿಸುವ ಕೆಲಸದಲ್ಲಿ ಚಂಚಲವಾದ ಅವಧಾನವೂ ನಿಲ್ಲುತ್ತದೆಯೆಂದು, ತಿಂಗಳುಗಳ ಮೇಲೆ ಫಲ ಕಾಣುವ ಕೆಲಸದಲ್ಲಿ ಅದು ಸೋರಿಹೋಗುತ್ತದೆಯೆಂದು ಇಂದಿನ ಮನೋವೈದ್ಯರು ಹೇಳುವುದುಂಟು. ಇದಲ್ಲದೆ ಮನೆಯವರು ಕಂಡಿಕೆ ಸುತ್ತಿಕೊಡುವುದು ಅವನ ಕೆಲಸದೊಡನೆ ಹೆಣೆದುಕೊಂಡಿದ್ದುದರಿಂದ, ಅವನು ತಡೆದರೆ ಅವರೂ ತಡೆಯಬೇಕು. ಅವರು ಮುಂದುವರಿದರೆ ಅವನೂ ಮುಂದುವರಿಯಬೇಕು.

ಕಾಲದ ವಿಷಯವೂ ಹೀಗೆಯೇ. ಗಡಿಯಾರವನ್ನು ನೋಡಿ ಹೊತ್ತನ್ನು ಅಳೆಯಬೇಕಾದವನಿಗೆ ಅಳತೆಯ ಹೊಣೆ ತನ್ನದು. ಆದರೆ ಸೋಮವಾರ ಬಸವಣ್ಣನ ವಾರವಾದುದರಿಂದ ಎತ್ತು ಹೂಡಬಾರದು, ಸಂತೆಯ ದಿನ ಸಂತೆಗೆ ಹೋಗಬೇಕು, ಬನದ ಹುಣ್ಣಿಮೆ ಭಾರತ ಹುಣ್ಣಿಮೆಗಳಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಗಾಡಿ ಕಟ್ಟಬೇಕು ಎಂದು ಊರೇ ಹೊರಟಾಗ, ಮರೆಯುವ ಸ್ವಭಾವದವನಿಗೂ ತಿಥಿ ತಪ್ಪುತ್ತಿರಲಿಲ್ಲ. ಹೊಸ ಆಜ್ಞೆಯಿದ್ದರೆ ಓಣಿ ಓಣಿಗೆ ಡಂಗುರ ಬರುತ್ತಿದ್ದಿತು. ಹಾಲಿನ ಲೆಕ್ಕ ಗೋಡೆಯ ಮೇಲೆ ಗೆರೆಯಾಗಿ ನಿಲ್ಲುತ್ತಿದ್ದಿತು. ತರಬೇಕಾದ ಸಾಮಾನು ಸೆರಗಿನ ತುದಿಯ ಗಂಟಾಗಿ ಜೊತೆಗೆ ಹೋಗುತ್ತಿದ್ದಿತು. ಗಾಂವಠಿ ಶಾಲೆಯ ಮಕ್ಕಳು ಮಗ್ಗಿಯನ್ನು ಒಕ್ಕೊರಲಿನಿಂದ ಹೇಳುತ್ತಿದ್ದರು. ನೆನಪು, ಕಾಲಜ್ಞಾನ, ಎಚ್ಚರ ಈ ಮೂರನ್ನೂ ವ್ಯಕ್ತಿಯ ತಲೆಯಿಂದ ಹೊರಕ್ಕೆ ತಂದು, ಕಣ್ಣಿಗೆ ಕಾಣುವಂತೆ ಕಿವಿಗೆ ಕೇಳುವಂತೆ ಊರಿನಲ್ಲಿ ಇರಿಸಿದುದೇ ಹಳೆಯ ಬಾಳಿನ ಗುಟ್ಟು.

ಇಷ್ಟು ಹೇಳಿದುದರಿಂದ ಆ ಕಾಲವು ಸುವರ್ಣಕಾಲವೆಂದು ಯಾರೂ ಭಾವಿಸಬಾರದು. ಇಂಥ ಅನುಕೂಲವನ್ನು ಯಾರೂ ದುರ್ಬಲರಿಗಾಗಿ ಕರುಣೆಯಿಂದ ಕಲ್ಪಿಸಿದುದಲ್ಲ. ಕೆಲಸದ ಅಗತ್ಯದಿಂದ ಹುಟ್ಟಿದ ಕ್ರಮವು ಅವರಿಗೂ ಆಸರೆಯಾಯಿತು, ಅಷ್ಟೆ. ಜಾತಿಯು ವಿಧಿಸಿದ ವೃತ್ತಿಯಲ್ಲಿ ಮನಸ್ಸು ನಿಲ್ಲದವನಿಗೆ ಬೇರೆ ವೃತ್ತಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ. ಪಂತೋಜಿಯ ಬೆತ್ತಕ್ಕೆ ಚಂಚಲನಾದ ಹುಡುಗನ ಬೆನ್ನೇ ಮೊದಲು ಸಿಕ್ಕುತ್ತಿದ್ದಿತು. ಖಬರಗೇಡಿ ಎಂಬ ಹೆಸರು ಒಮ್ಮೆ ಅಂಟಿತೆಂದರೆ ಅದು ಮದುವೆಯ ಮಾತಿನಲ್ಲಿಯೂ ಪಾಲಿನ ಪಂಚಾಯಿತಿಯಲ್ಲಿಯೂ ಬೆನ್ನಟ್ಟುತ್ತಿದ್ದಿತು. ಒಲೆಯ ಮೇಲಿನ ಹಾಲು ಉಕ್ಕಿಸಿದ, ಉಪ್ಪು ಹಾಕಲು ಮರೆತ ಸೊಸೆಗೆ ದೊರೆತ ತೀರ್ಪಂತೂ ಇನ್ನೂ ಕಠಿಣವಾದುದು. ಅವಳ ಅಂತರಂಗದ ಬಳಲಿಕೆಯನ್ನು ಯಾವ ದಫ್ತರವೂ ದಾಖಲಿಸಲಿಲ್ಲ.

ಆ ಏರ್ಪಾಡುಗಳು ಒಂದೊಂದಾಗಿ ಸರಿದವು. ಹಿಟ್ಟಿನ ಗಿರಣಿ ಬಂದು ಬೀಸುವಕಲ್ಲು ಮೂಲೆ ಸೇರಿತು. ರಾಶಿಯ ಯಂತ್ರ ಬಂದು ಹಂತಿಯ ಪದಗಳು ವೇದಿಕೆಯ ಮೇಲೇರಿದವು. ವಿದ್ಯುತ್ ಮಗ್ಗ ಬಂದು ಕುಣಿಮಗ್ಗಗಳು ವಿರಳವಾದವು. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟು ಪೂರ್ಣವಾಗಿ ಮಲಪ್ರಭೆಯ ನೀರು ಕಾಲುವೆಗಳಿಗೆ ಹರಿದ ಮೇಲೆ ಬೆಳೆಗಳೂ ಬೆಳೆಯ ಕಾಲಗಳೂ ಮಾರ್ಪಟ್ಟವು. ಶ್ರಮವು ಕಡಿಮೆಯಾಯಿತು, ಹಸಿವು ತಗ್ಗಿತು, ಹೆಣ್ಣುಮಕ್ಕಳ ತೋಳಿಗೆ ವಿಶ್ರಾಂತಿ ದೊರೆಯಿತು. ಇದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಇದರೊಡನೆ ಕೆಲಸವು ಏಕಾಂಗಿಯಾಯಿತು. ಬೆಳೆಸಾಲದ ಕಂತು, ವಿಮೆಯ ಗಡುವು, ಕಚೇರಿಯ ಕಡತ, ಮಕ್ಕಳ ಶಾಲೆಯ ಶುಲ್ಕ ಇವೆಲ್ಲವೂ ಕಣ್ಣಿಗೆ ಕಾಣದ, ಕಿವಿಗೆ ಕೇಳದ, ಒಬ್ಬೊಬ್ಬನೇ ತನ್ನ ತಲೆಯಲ್ಲಿ ಹೊರಬೇಕಾದ ಕೆಲಸಗಳು. ಮೇಲಾಗಿ ಮನಸ್ಸನ್ನು ಕ್ಷಣಕ್ಷಣಕ್ಕೂ ಸೆಳೆಯುವುದಕ್ಕೆಂದೇ ರಚಿತವಾದ ಮೊಬೈಲು ಎಲ್ಲರ ಕೈಯಲ್ಲಿಯೂ ಇದೆ. ದಂಡೆ ಒಡೆದ ಕಾಲುವೆಯ ನೀರಿನಂತೆ ಚಿತ್ತವು ಹರಡಿಹೋಗುವುದಕ್ಕೆ ಇದಕ್ಕಿಂತ ಅನುಕೂಲವಾದ ಕಾಲ ಹಿಂದೆ ಇದ್ದಿರಲಾರದು. ಈ ನ್ಯೂನತೆಯು ಹೊಸದಾಗಿ ಹುಟ್ಟಿದುದಲ್ಲ. ಅದನ್ನು ಮರೆಮಾಡಿದ್ದ ಆಸರೆಗಳು ಹೋದುದರಿಂದ ಅದು ಈಗ ಬಯಲಾಗಿದೆ.

ಆದುದರಿಂದ ಇಂದು ಮಾಡಬೇಕಾದುದು ಎರಡು. ಮೊದಲನೆಯದು, ವೈದ್ಯರ ಬಳಿಗೆ ಹೋಗುವುದು. ಧಾರವಾಡದ ಅಂದಿನ ಆಲಯವು ಇಂದು ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ಸಂಸ್ಥೆಯಾಗಿ ಬೆಳೆದಿದೆ. ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ನಡೆಯಿಸಿದ ಪ್ರಯೋಗವೇ ಮಾದರಿಯಾಗಿ 1996ರಿಂದ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಡೆದುಬಂದಿದೆ. 2022ರಲ್ಲಿ ಆರಂಭವಾದ ಟೆಲಿಮಾನಸ್ ಎಂಬ ದೂರವಾಣಿ ಮಾನಸಿಕ ಆರೋಗ್ಯ ಸೇವೆಯನ್ನು 14416 ಸಂಖ್ಯೆಗೆ ಕರೆಮಾಡಿ ಹಣವಿಲ್ಲದೆ ಪಡೆಯಬಹುದು. ಮಿಥೈಲ್‌ಫೆನಿಡೇಟ್, ಅಟೊಮೊಕ್ಸೆಟಿನ್ ಮೊದಲಾದ ಔಷಧಗಳು ಅನೇಕರಿಗೆ ಹಿತವನ್ನುಂಟುಮಾಡಿವೆ. ಮನೋವೈದ್ಯರು ಪರೀಕ್ಷಿಸಿ, ರಕ್ತದೊತ್ತಡ ಹೃದಯಗಳ ಸ್ಥಿತಿಯನ್ನು ನೋಡಿ ಕೊಟ್ಟ ಹೊರತು ಅವುಗಳನ್ನು ಮುಟ್ಟಬಾರದು. ನಿದ್ರಾಹೀನತೆ, ಖಿನ್ನತೆ, ಥೈರಾಯ್ಡಿನ ವಿಕಾರಗಳೂ ಇದೇ ಬಗೆಯ ಚಾಂಚಲ್ಯವನ್ನು ತೋರಬಹುದಾದುದರಿಂದ ತನ್ನ ರೋಗವನ್ನು ತಾನೇ ನಿರ್ಣಯಿಸಿಕೊಳ್ಳುವುದೂ ಸಲ್ಲದು.

ಎರಡನೆಯದು, ಊರು ತಿಳಿಯದೆಯೇ ಒದಗಿಸಿದ್ದ ಆಸರೆಯನ್ನು ಮನೆಯೂ ಮಿತ್ರರೂ ತಿಳಿದು ಒದಗಿಸುವುದು. ಔಷಧವು ಚಿತ್ತಕ್ಕೆ ನಿಲ್ಲುವ ಶಕ್ತಿಯನ್ನು ಕೊಟ್ಟೀತು. ಎಲ್ಲಿ ನಿಲ್ಲಬೇಕೆಂಬುದನ್ನು ತೋರುವುದು ಏರ್ಪಾಡಿನ ಕೆಲಸ. ಲೆಕ್ಕ ಬರೆಯಲು ಕುಳಿತ ಗಂಡನ ಬಳಿಯಲ್ಲಿ ಹೆಂಡತಿ ತನ್ನ ಕೆಲಸವನ್ನು ಹಿಡಿದು ಕೂರುವುದು, ಪರೀಕ್ಷೆಗೆ ಓದುವ ತಂಗಿಯ ಎದುರು ಅಣ್ಣನೂ ಪುಸ್ತಕ ತೆರೆಯುವುದು ಮುಯ್ಯಾಳಿನ ಇಂದಿನ ರೂಪ. ಕಂತಿನ ದಿನವನ್ನು ಎಲ್ಲರೂ ಹಾಯ್ದುಹೋಗುವ ಗೋಡೆಯ ಮೇಲೆ ಬರೆಯುವುದು, ದೊಡ್ಡ ಕೆಲಸವನ್ನು ಒಂದು ಹೊತ್ತಿನಲ್ಲಿ ಮುಗಿಯುವ ತುಂಡುಗಳಾಗಿ ಒಡೆಯುವುದು, ಮುಗಿದೊಡನೆ ಒಳ್ಳೆಯ ಮಾತನ್ನಾಡುವುದು, ವಾರಕ್ಕೊಂದು ದಿನ ಕೂಡಿ ಕುಳಿತು ಮುಂದಿನ ವಾರವನ್ನು ಹಂಚುವುದು ಇವಾವುದಕ್ಕೂ ಹಣ ಬೇಕಾಗಿಲ್ಲ. ಬೇಕಾದುದು ಒಂದು ತಿಳಿವಳಿಕೆ: ಅವಧಾನವು ಪ್ರತಿಯೊಬ್ಬನೂ ಒಂಟಿಯಾಗಿ ಗಳಿಸಿ ತೋರಿಸಬೇಕಾದ ಗುಣವೆಂಬ ಎಣಿಕೆ ಈಚಿನದು, ಮಲಪ್ರಭೆಯ ಈ ಸೀಮೆಯಲ್ಲಿ ಬಹುಕಾಲದವರೆಗೆ ಅದನ್ನು ಜನರು ಕೂಡಿಯೇ ಕಾಯ್ದಿದ್ದರು. ಆಸರೆಯನ್ನು ಬೇಡುವವನು ಅಸಾಮಾನ್ಯವಾದುದನ್ನೇನೂ ಬೇಡುತ್ತಿಲ್ಲ. ಅವನ ಅಜ್ಜ ಅಜ್ಜಿಯರು ಕೇಳದೆಯೇ ಪಡೆದಿದ್ದುದನ್ನು ಕೇಳಿ ಪಡೆಯುತ್ತಿದ್ದಾನೆ. ಅದನ್ನು ನಿಂದೆಯಿಲ್ಲದೆ ಕೊಡುವುದು ನಮ್ಮೆಲ್ಲರ ಕರ್ತವ್ಯ.